ಉಣ್ಣದೆ ಉಳಿಸಿದ ರೊಟ್ಟಿ ಯಾರದು? – ಕ್ರೈಸ್ತ ಉಪವಾಸ, ಪ್ರಾರ್ಥನೆಗಳ ಚರಿತ್ರೆ

ಕನ್ನಡ ಕ್ರೈಸ್ತರ ಬಳಕೆಯಲ್ಲಿ ‘ಉಪವಾಸ ಪ್ರಾರ್ಥನೆ’ ಎಂಬುದು ಹೆಚ್ಚುಕಡಿಮೆ ಒಂದೇ ಪದವಾಗಿ ಬೆಸೆದುಕೊಂಡಿರುವ ಜೋಡಿ. ಪ್ರಾರ್ಥನಾಮಂದಿರಗಳ ಫಲಕಗಳಲ್ಲಿ, ಕೂಟಗಳ ಕರಪತ್ರಗಳಲ್ಲಿ ಈ ಎರಡು ಮಾತುಗಳು ಒಟ್ಟಾಗಿಯೇ ಕಾಣಿಸಿಕೊಳ್ಳುತ್ತವೆ. ಆದರೆ ಈ ಸಾಧನೆಗೆ ಮುಖ್ಯ ಆಧಾರವಾದ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಇರುವುದು ಜೋಡಿಯಲ್ಲ, ತ್ರಯ. ಯೇಸು ಅಲ್ಲಿ ಮೊದಲು ದಾನವನ್ನು, ಅನಂತರ ಪ್ರಾರ್ಥನೆಯನ್ನು, ಕೊನೆಗೆ ಉಪವಾಸವನ್ನು ಕುರಿತು ಬೋಧಿಸುತ್ತಾನೆ. ಮೂರಕ್ಕೂ ನಿಬಂಧನೆ ಒಂದೇ: ಯಾವುದೂ ಜನರ ಕಣ್ಣಿಗಾಗಿ ನಡೆಯಬಾರದು. ದಾನ ಮಾಡುವವನು ತುತೂರಿ ಊದಿಸಬಾರದು, ಪ್ರಾರ್ಥಿಸುವವನು ಕೋಣೆಯ ಬಾಗಿಲು ಮುಚ್ಚಿಕೊಳ್ಳಬೇಕು, ಉಪವಾಸವಿರುವವನು ಮುಖ ಬಾಡಿಸಿಕೊಳ್ಳದೆ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಬೇಕು.

ಈ ಮೂರರಲ್ಲಿ ದಾನವು ಜೋಡಿಪದದಿಂದ ಹೊರಗುಳಿದದ್ದು ಹೇಗೆ? ಅದು ಹೊರಗುಳಿದಾಗಲೆಲ್ಲ ಉಪವಾಸಕ್ಕೆ ಏನಾಯಿತು? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಕ್ರೈಸ್ತ ಉಪವಾಸದ ಚರಿತ್ರೆಯನ್ನು ಸ್ಥೂಲವಾಗಿ ಪರಿಶೀಲಿಸುವುದು ಈ ಬರಹದ ಉದ್ದೇಶ.

ಪದಗಳ ಹಿನ್ನೆಲೆ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ಪದ ‘ನೇಸ್ತೈಯಾ’. ‘ಉಣ್ಣದಿರುವಿಕೆ’ ಎಂಬುದಷ್ಟೇ ಅದರ ಅರ್ಥ. ಹೀಬ್ರೂವಿನ ‘ತ್ಸೋಮ್’, ಸಿರಿಯಾಕ್ ಭಾಷೆಯ ‘ಸೌಮಾ’, ಅರಬ್ಬಿಯ ‘ಸೌಮ್’ – ಇವು ಒಂದೇ ಧಾತುವಿನ ಸೋದರಪದಗಳು. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಬೈಬಲನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಆರಂಭಿಸಿದರು. ಕನ್ನಡ ಬೈಬಲಿನಲ್ಲಿ ನೆಲೆಗೊಂಡ ಪದ ‘ಉಪವಾಸ’. ಇದು ಗ್ರೀಕ್ ಪದಕ್ಕಿಂತ ಹೆಚ್ಚಿನದನ್ನು ಹೇಳುವ ಮಾತು. ‘ಉಪ’ ಎಂದರೆ ಸಮೀಪ, ‘ವಾಸ’ ಎಂದರೆ ನೆಲಸುವಿಕೆ. ಇಂದ್ರಿಯಗಳು ತಮ್ಮ ವಿಷಯಗಳಿಂದ ಹಿಂದಿರುಗಿ ಆತ್ಮನಲ್ಲಿ ನೆಲಸುವುದೇ ಉಪವಾಸವೆಂದು ಜೈನಾಚಾರ್ಯರು ವ್ಯಾಖ್ಯಾನಿಸಿದ್ದಾರೆ. ಊಟ ಬಿಡುವುದು ಅದರ ಹೊರರೂಪ ಮಾತ್ರ.

ಕನ್ನಡ ಕಥೋಲಿಕರು ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನಗಳನ್ನು ‘ತಪಸ್ಸುಕಾಲ’ ಎನ್ನುತ್ತಾರೆ. ಅದರ ಮೊದಲ ದಿನ ‘ವಿಭೂತಿ ಬುಧವಾರ’. ಕೇರಳದ ಸಿರಿಯನ್ ಕ್ರೈಸ್ತರು ತಮ್ಮ ಉಪವಾಸಗಳನ್ನು ‘ನೋಂಬು’ ಎಂದು ಕರೆಯುತ್ತಾರೆ. ಮೂರು ದಿನಗಳ ನಿನೆವೆಯ ನೋಂಬು, ಈಸ್ಟರಿಗೆ ಮುಂಚಿನ ಐವತ್ತು ದಿನಗಳ ನೋಂಬು ಅವರಲ್ಲಿ ಪ್ರಸಿದ್ಧವಾಗಿವೆ. ಈ ‘ನೋಂಬು’ ನಮ್ಮ ‘ನೋಂಪಿ’ಯ ಒಡಹುಟ್ಟು. ಜೈನ ಶ್ರಾವಕಿಯರ ನೋಂಪಿಯ ಕಥೆಗಳನ್ನು ಓದಿದವರಿಗೆ ಈ ನಂಟು ವಿಶೇಷವಾಗಿ ಕಾಣುತ್ತದೆ. ಪಶ್ಚಿಮ ಏಷ್ಯಾದಲ್ಲಿ ಹುಟ್ಟಿದ ಆಚರಣೆಯೊಂದು ದಕ್ಷಿಣ ಭಾರತದಲ್ಲಿ ನೆಲೆಸುವಾಗ ಇಲ್ಲಿನ ವ್ರತಗಳ ಮಾತನ್ನೇ ತೊಟ್ಟುಕೊಂಡಿತು.

ಪ್ರವಾದಿಗಳ ಆಕ್ಷೇಪ

ಕ್ರೈಸ್ತ ಉಪವಾಸದ ಬೇರುಗಳು ಯೆಹೂದ್ಯ ಪರಂಪರೆಯಲ್ಲಿವೆ. ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತ ದಿನದಂದು ಇಡೀ ಜನಾಂಗ ಉಪವಾಸವಿರುತ್ತಿತ್ತು. ಯುದ್ಧ, ಬರ, ಮರಣಗಳ ಸಂದರ್ಭದಲ್ಲಿ ಗೋಣಿತಟ್ಟು ಉಟ್ಟು, ತಲೆಗೆ ಬೂದಿ ಸುರಿದುಕೊಂಡು ಉಣ್ಣದಿರುವುದು ದುಃಖದ, ಪಶ್ಚಾತ್ತಾಪದ ಗುರುತಾಗಿತ್ತು. ಯೋನನ ಕಥೆಯಲ್ಲಿ ನಿನೆವೆ ನಗರದ ಅರಸನಿಂದ ಹಿಡಿದು ದನಕರುಗಳವರೆಗೆ ಎಲ್ಲವೂ ಉಪವಾಸವಿರುತ್ತವೆ. ಕೇರಳದ ಮೂರು ದಿನಗಳ ನೋಂಬಿಗೆ ಆ ಹೆಸರು ಬಂದದ್ದು ಈ ಕಥೆಯಿಂದಲೇ.

ಉಪವಾಸವನ್ನು ವಿಧಿಸಿದ ಆ ಪರಂಪರೆಯೇ ಅದನ್ನು ಅತ್ಯಂತ ನಿಷ್ಠುರವಾಗಿ ಪರೀಕ್ಷಿಸಿತು ಎಂಬುದು ಗಮನಾರ್ಹ. ಯೆಶಾಯನ ಗ್ರಂಥದ 58ನೆಯ ಅಧ್ಯಾಯದಲ್ಲಿ ಜನರು ದೇವರನ್ನು ಆಕ್ಷೇಪಿಸುತ್ತಾರೆ: ನಾವು ಉಪವಾಸವಿದ್ದರೂ ನೀನೇಕೆ ನೋಡಲಿಲ್ಲ? ಬರುವ ಉತ್ತರ ಕಠೋರವಾದದ್ದು. ಉಪವಾಸದ ದಿನದಲ್ಲೇ ನೀವು ಆಳುಗಳನ್ನು ದುಡಿಸಿ ಹಿಂಡುತ್ತೀರಿ, ಜಗಳವಾಡುತ್ತೀರಿ. ನನಗೆ ಬೇಕಾದ ಉಪವಾಸವೆಂದರೆ ನೊಗ ಮುರಿಯುವುದು, ಹಸಿದವನೊಡನೆ ಅನ್ನ ಹಂಚಿಕೊಳ್ಳುವುದು, ನೆಲೆಯಿಲ್ಲದವನನ್ನು ಮನೆಗೆ ಕರೆಯುವುದು – ಇದು ಆ ಅಧ್ಯಾಯದ ಸಾರ. ಯೆಹೂದ್ಯರು ಇಂದಿಗೂ ಪ್ರಾಯಶ್ಚಿತ್ತ ದಿನದ ಬೆಳಗಿನ ಆರಾಧನೆಯಲ್ಲಿ ಓದುವುದು ಇದೇ ಭಾಗವನ್ನು. ವರ್ಷದ ಅತಿ ಕಠಿಣ ಉಪವಾಸದ ನಡುವೆ, ಉಪವಾಸವನ್ನೇ ಪ್ರಶ್ನಿಸುವ ಮಾತನ್ನು ಸಭೆ ಹಸಿದ ಹೊಟ್ಟೆಯಲ್ಲಿ ಕೇಳಿಸಿಕೊಳ್ಳುತ್ತದೆ. ಕ್ರಿಸ್ತಪೂರ್ವದ ತೋಬಿತನ ಗ್ರಂಥದಲ್ಲಿಯೂ ಪ್ರಾರ್ಥನೆಗೆ ಉಪವಾಸ, ದಾನಗಳ ಸಂಗಡ ಇರಬೇಕೆಂಬ ಮಾತಿದೆ. ಎಂದರೆ ಮತ್ತಾಯನಲ್ಲಿ ಕಾಣುವ ತ್ರಯ ಯೇಸುವಿನ ಕಾಲಕ್ಕಾಗಲೇ ರೂಢಿಯಲ್ಲಿದ್ದದ್ದು.

ಹರ್ಮಾಸನ ಲೆಕ್ಕ

ಆದಿಸಭೆಗಳ ಆಚರಣೆಯನ್ನು ತಿಳಿಸುವ ಪ್ರಾಚೀನ ದಾಖಲೆಗಳಲ್ಲಿ ‘ದಿದಖೆ’ ಎಂಬ ಕಿರುಗ್ರಂಥ ಮುಖ್ಯವಾದುದು. ಹೆಸರು ಮಾತ್ರ ತಿಳಿದಿದ್ದ ಈ ಗ್ರಂಥದ ಪೂರ್ಣಪ್ರತಿಯನ್ನು 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಪತ್ತೆಹಚ್ಚಿದವರು ಫಿಲೋಥಿಯೋಸ್ ಬ್ರಯೆನ್ನಿಯೋಸ್. ಆ ಹಸ್ತಪ್ರತಿಯ ಕಾಲ 1056. ಅದು ಅಚ್ಚಾದದ್ದು 1883ರಲ್ಲಿ. ಇತರರು ಸೋಮವಾರ, ಗುರುವಾರ ಉಪವಾಸವಿರುತ್ತಾರೆ, ನೀವು ಬುಧವಾರ, ಶುಕ್ರವಾರ ಇರಿ ಎಂದು ಅದು ವಿಧಿಸುತ್ತದೆ. ದಿನಕ್ಕೆ ಮೂರು ಸಲ ಪ್ರಾರ್ಥಿಸಬೇಕು. ದೀಕ್ಷಾಸ್ನಾನಕ್ಕೆ ಮೊದಲು ಒಂದೆರಡು ದಿನ ಉಪವಾಸವಿರಬೇಕು. ಬುಧವಾರ, ಶುಕ್ರವಾರಗಳ ನಿಯಮವನ್ನು ಪೂರ್ವದೇಶದ ಸಭೆಗಳು ಇಂದಿಗೂ ಪಾಲಿಸುತ್ತಿವೆ.

ಎರಡನೆಯ ಶತಮಾನದ ಇನ್ನೆರಡು ಕೃತಿಗಳು ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದವು. ಮೊದಲನೆಯದು ಅಥೆನ್ಸಿನ ಅರಿಸ್ಟೈಡಿಸ್ ರೋಮನ್ ಚಕ್ರವರ್ತಿಗೆ ಬರೆದ ಸಮರ್ಥನ ಪತ್ರ. ಕ್ರೈಸ್ತರ ನಡವಳಿಕೆಯನ್ನು ವಿವರಿಸುತ್ತ ಆತ ಹೇಳುವ ಒಂದು ಸಂಗತಿ ಮನಮುಟ್ಟುವಂಥದು: ಅವರ ನಡುವೆ ಬಡವನೊಬ್ಬನಿದ್ದು, ಅವನಿಗೆ ಕೊಡಲು ಹೆಚ್ಚಿನದೇನೂ ತಮ್ಮಲ್ಲಿ ಇಲ್ಲದಿದ್ದರೆ, ಅವರು ಎರಡು ಮೂರು ದಿನ ಉಪವಾಸವಿದ್ದು ಅವನಿಗೆ ಬೇಕಾದ ಆಹಾರವನ್ನು ಒದಗಿಸುತ್ತಾರೆ. ಇಲ್ಲಿ ಉಪವಾಸ ಮಾಡುವವರೂ ಬಡವರೇ. ತಮ್ಮ ಪಾಲನ್ನು ಬಿಡದೆ ಕೊಡಲು ಬೇರೇನೂ ಅವರಲ್ಲಿಲ್ಲ.

ಈ ಪತ್ರದ ಸಿರಿಯಾಕ್ ಅನುವಾದ 1889ರಲ್ಲಿ ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ ರೆಂಡೆಲ್ ಹ್ಯಾರಿಸರಿಗೆ ದೊರೆಯಿತು. ಆಮೇಲೆ ಅದರ ಗ್ರೀಕ್ ಪಾಠ ‘ಬರ್ಲಾಮ್ ಮತ್ತು ಯೋಸಾಫಟ್’ ಎಂಬ ಮಧ್ಯಯುಗದ ಕಥನದೊಳಗೆ ಅಡಗಿರುವುದು ತಿಳಿದುಬಂದಿತು. ಆ ಕಥನವೋ ಬುದ್ಧನ ಜೀವನಚರಿತ್ರೆಯ ಕ್ರೈಸ್ತ ರೂಪ. ‘ಯೋಸಾಫಟ್’ ಎಂಬ ಹೆಸರು ‘ಬೋಧಿಸತ್ವ’ ಶಬ್ದವೇ ಹಲವು ಭಾಷೆಗಳನ್ನು ದಾಟಿ ತಾಳಿದ ರೂಪ. ಕ್ರೈಸ್ತ ಉಪವಾಸದ ಕುರಿತ ಒಂದು ಪ್ರಾಚೀನ ಸಾಕ್ಷ್ಯದ ಗ್ರೀಕ್ ಪಾಠ ಹೀಗೆ ಶ್ರಮಣ ಕಥೆಯೊಂದರ ಮಡಿಲಲ್ಲಿ ಉಳಿದುಬಂದಿದೆ.

ಎರಡನೆಯದು ರೋಮಿನಲ್ಲಿ ರಚಿತವಾದ ‘ಹರ್ಮಾಸನ ಕುರುಬ’ ಎಂಬ ಕೃತಿ. ಅದರಲ್ಲಿ ಕುರುಬನ ವೇಷದ ದೇವದೂತ ಹರ್ಮಾಸನಿಗೆ ಉಪವಾಸದ ವಿಧಾನವನ್ನು ಕಲಿಸುತ್ತಾನೆ. ಮೊದಲು ಕೆಟ್ಟ ಮಾತು, ಕೆಟ್ಟ ಬಯಕೆಗಳನ್ನು ಬಿಡಬೇಕು. ಉಪವಾಸದ ದಿನ ರೊಟ್ಟಿ, ನೀರು ಬಿಟ್ಟು ಬೇರೇನೂ ಸೇವಿಸಬಾರದು. ಅಂದು ಉಣ್ಣಬೇಕಾಗಿದ್ದ ಊಟದ ಬೆಲೆ ಎಷ್ಟಾಗುತ್ತಿತ್ತೆಂದು ಲೆಕ್ಕಹಾಕಿ, ಆ ಮೊತ್ತವನ್ನು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡಬೇಕು. ಪಡೆದವನು ಕೊಟ್ಟವನಿಗಾಗಿ ಪ್ರಾರ್ಥಿಸುತ್ತಾನೆ.

ಈ ಲೆಕ್ಕ ಬಹಳ ಸರಳವಾದದ್ದು. ಆದರೆ ಉಪವಾಸದ ಇಡೀ ತತ್ತ್ವವನ್ನು ಅದು ತಿರುಗಿಸಿ ನಿಲ್ಲಿಸುತ್ತದೆ. ಉಣ್ಣದೆ ಉಳಿಸಿದ್ದು ಮನೆಯ ಬುಟ್ಟಿಯಲ್ಲೇ ಉಳಿದರೆ ಅದು ಉಳಿತಾಯ. ಅದು ಇನ್ನೊಬ್ಬನ ತಟ್ಟೆಗೆ ಹೋದಾಗ ಮಾತ್ರ ಉಪವಾಸ. ಪ್ರಾರ್ಥನೆ ಇಲ್ಲಿ ಉಪವಾಸ ಮಾಡುವವನ ಬಾಯಿಂದಷ್ಟೇ ಬರುವುದಿಲ್ಲ. ಉಂಡವನ ಬಾಯಿಂದಲೂ ಬರುತ್ತದೆ.

ಲಿಪಿಕಾರನ ಕೈ, ಮರುಭೂಮಿಯ ಬಾಳು

ಉಪವಾಸ, ಪ್ರಾರ್ಥನೆಗಳನ್ನು ಜೋಡಿಯಾಗಿ ಹೇಳುವ ರೂಢಿ ಹೊಸ ಒಡಂಬಡಿಕೆಯಲ್ಲೇ ಇದೆ. ಅಪೊಸ್ತಲರ ಕೃತ್ಯಗಳಲ್ಲಿ ಅಂತಿಯೋಕ್ಯದ ಸಭೆ ಉಪವಾಸವಿದ್ದು ಪ್ರಾರ್ಥಿಸಿ ಬಾರ್ನಬ, ಸೌಲರನ್ನು ಸಾರುವ ಕಾರ್ಯಕ್ಕೆ ಕಳುಹಿಸುತ್ತದೆ. ಆದರೆ ಈ ಜೋಡಿ ಬಲಗೊಂಡ ಬಗೆಯನ್ನು ಪಾಠಾಂತರಗಳು ಸ್ಪಷ್ಟವಾಗಿ ತೋರಿಸುತ್ತವೆ. ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ, ಶಿಷ್ಯರಿಂದ ಬಿಡಿಸಲಾಗದ ದೆವ್ವವನ್ನು ಬಿಡಿಸಿದ ಯೇಸು ಇದು ಪ್ರಾರ್ಥನೆಯಿಂದ ಮಾತ್ರ ಸಾಧ್ಯವೆನ್ನುತ್ತಾನೆ. ಬಹುಪಾಲು ಹಸ್ತಪ್ರತಿಗಳಲ್ಲಿ ಇಲ್ಲಿ ‘ಉಪವಾಸ’ವೂ ಸೇರಿದೆ. ಆದರೆ ನಾಲ್ಕನೆಯ ಶತಮಾನದ ಎರಡು ಶ್ರೇಷ್ಠ ಪ್ರತಿಗಳಾದ ಸಿನಾಯ್ ಪ್ರತಿಯ ಮೂಲಲೇಖನದಲ್ಲಿಯೂ ವ್ಯಾಟಿಕನ್ ಪ್ರತಿಯಲ್ಲಿಯೂ ಆ ಪದವಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲಿಯೂ ‘ಪ್ರಾರ್ಥನೆ’ಯ ಬಳಿ ‘ಉಪವಾಸ’ ಅನಂತರದ ಪ್ರತಿಗಳಲ್ಲಿ ಬಂದು ಸೇರಿದೆ. ಆಧುನಿಕ ಸಂಪಾದಕರಲ್ಲಿ ಹೆಚ್ಚಿನವರು ಈ ಪದಗಳನ್ನು ಪ್ರಕ್ಷೇಪಗಳೆಂದು ಪರಿಗಣಿಸಿ ಅಡಿಟಿಪ್ಪಣಿಗೆ ಇಳಿಸಿದ್ದಾರೆ.

ಗ್ರಂಥಸಂಪಾದನೆಯ ಪರಿಚಯವಿರುವ ಕನ್ನಡ ಓದುಗರಿಗೆ ಇದು ಅಪರಿಚಿತವಲ್ಲ. ಲಿಪಿಕಾರ ತನ್ನ ಕಾಲದ ಆಚರಣೆಯನ್ನು ಅರಿವಿಲ್ಲದೆಯೇ ಪಾಠದೊಳಗೆ ತರುತ್ತಾನೆ. ಪ್ರಾರ್ಥನೆ ಎಂದು ಬರೆದೊಡನೆ ಉಪವಾಸ ನೆನಪಾಗುವಷ್ಟು ಅವೆರಡೂ ಆಗಲೇ ಬೆಸೆದುಕೊಂಡಿದ್ದವು. ಆದರೆ ಪ್ರಾರ್ಥನೆಯ ಪಕ್ಕದಲ್ಲಿ ಉಪವಾಸವನ್ನು ಬರೆದ ಕೈ ಇಲ್ಲಿ ದಾನವನ್ನು ಬರೆಯಲಿಲ್ಲ.

ಇದು ಮರುಭೂಮಿಯ ತಪಸ್ವಿಗಳ ಕಾಲವೂ ಹೌದು. ಮೂರನೆಯ ಶತಮಾನದ ಕೊನೆಯಿಂದ ಈಜಿಪ್ಟಿನ ಮರಳುಗಾಡಿಗೆ ಹೋಗಿ ನೆಲೆಸಿದ ಆಂತೋನಿ ಮೊದಲಾದವರು ರೊಟ್ಟಿ, ಉಪ್ಪು, ನೀರಿನಲ್ಲಿ ಬದುಕಿದರು. ಆ ಬಾಳನ್ನು ಕಣ್ಣಾರೆ ಕಂಡ ಜಾನ್ ಕ್ಯಾಸಿಯನ್, ದಿನಕ್ಕೆ ಎರಡು ಒಣರೊಟ್ಟಿ ಅಲ್ಲಿನ ಅಂಗೀಕೃತ ಅಳತೆಯಾಗಿತ್ತೆಂದೂ ಎರಡೂ ಸೇರಿ ಒಂದು ರೋಮನ್ ಪೌಂಡಿನಷ್ಟೂ ತೂಗುತ್ತಿರಲಿಲ್ಲವೆಂದೂ ದಾಖಲಿಸಿದ್ದಾನೆ. ಅತಿ ಉಪವಾಸವೂ ಅತಿ ಭೋಜನವೂ ಕೊನೆಗೆ ಒಂದೇ ಕೆಡುಕಿಗೆ ಒಯ್ಯುತ್ತವೆ, ಆದ್ದರಿಂದ ವಿವೇಕವೇ ತಪಸ್ಸಿನ ತಾಯಿ ಎಂಬುದು ಆತ ಹಿರಿಯರಿಂದ ಕೇಳಿದ ಪಾಠ.

ಈ ತಪಸ್ವಿಗಳ ಕುರಿತ ಕಥೆಗಳಲ್ಲಿ ಉಪವಾಸಕ್ಕಿಂತ ಉಪವಾಸಭಂಗದ ಕಥೆಗಳೇ ಹೆಚ್ಚು ಮಾರ್ಮಿಕ. ಒಮ್ಮೆ ಒಂದು ವಾರದ ಉಪವಾಸ ಘೋಷಣೆಯಾಗಿತ್ತು. ಆಗ ಅಬ್ಬಾ ಮೋಸೆಯ ಕುಟೀರಕ್ಕೆ ದೂರದ ಅತಿಥಿಗಳು ಬಂದರು. ಆತ ಒಲೆ ಹೊತ್ತಿಸಿ ಅವರಿಗಾಗಿ ಅಡುಗೆ ಮಾಡಿದ. ಹೊಗೆ ಕಂಡ ನೆರೆಯವರು ದೂರು ಕೊಟ್ಟರು. ವಿಚಾರಿಸಿದ ಹಿರಿಯರು ಸಭೆಯ ಎದುರಿನಲ್ಲೇ ಮೋಸೆಯನ್ನು ಮೆಚ್ಚಿಕೊಂಡರು: ಆತ ಮನುಷ್ಯರ ಕಟ್ಟಳೆಯನ್ನು ಮುರಿದು ದೇವರ ಕಟ್ಟಳೆಯನ್ನು ಉಳಿಸಿದ್ದಾನೆ. ಹಸಿದ ಅತಿಥಿ ಬಾಗಿಲಲ್ಲಿ ನಿಂತಾಗ ಉಪವಾಸವೇ ಹಿಂದೆ ಸರಿಯಬೇಕೆಂಬ ಈ ತಿಳಿವಳಿಕೆ ಆ ಕಠೋರ ಬಾಳಿನ ಒಳತಿರುಳು.

ಪಂಚಾಂಗ ಮತ್ತು ಕಟ್ಟಳೆ

325ರ ನಿಕೇಯ ಮಹಾಸಭೆಯ ಐದನೆಯ ಕಟ್ಟಳೆಯಲ್ಲಿ ಈಸ್ಟರಿಗೆ ಮುಂಚಿನ ‘ನಲವತ್ತು ದಿನ’ಗಳ ಪ್ರಸ್ತಾಪವಿದೆ. ಯೇಸು ಅರಣ್ಯದಲ್ಲಿ ಕಳೆದ ನಲವತ್ತು ದಿನಗಳೇ ಇದಕ್ಕೆ ಮಾದರಿ. ಆರು ವಾರಗಳಲ್ಲಿ ಭಾನುವಾರಗಳನ್ನು ಬಿಟ್ಟರೆ ಉಳಿಯುವುದು 36 ದಿನ. ಇದು ವರ್ಷದ ಹತ್ತನೆಯ ಒಂದು ಪಾಲು, ಕಾಲದಲ್ಲಿಯೂ ದೇವರಿಗೆ ಸಲ್ಲಬೇಕಾದ ದಶಮಾಂಶ ಎಂದು ಪೋಪ್ ಮಹಾ ಗ್ರೆಗೊರಿ ವಿವರಿಸಿದ. ಮುಂದೆ ನಾಲ್ಕು ದಿನಗಳನ್ನು ಕೂಡಿಸಿ ನಲವತ್ತನ್ನು ಪೂರ್ಣಗೊಳಿಸಲಾಯಿತು. ವಿಭೂತಿ ಬುಧವಾರದಿಂದ ತಪಸ್ಸುಕಾಲ ಆರಂಭವಾಗುವುದು ಈ ಕಾರಣದಿಂದ.

ಈ ಕಾಲದ ಆಚಾರ್ಯರು ತ್ರಯವನ್ನು ಮರೆತಿರಲಿಲ್ಲ. ಪ್ರಾರ್ಥನೆ ಮೇಲೇರಬೇಕಾದರೆ ಅದಕ್ಕೆ ಉಪವಾಸ, ದಾನಗಳೆಂಬ ಎರಡು ರೆಕ್ಕೆಗಳು ಬೇಕೆಂದು ಅಗಸ್ಟೀನ್ ಬೋಧಿಸಿದ. ಉಪವಾಸಿಯ ತ್ಯಾಗ ಬಡವನ ಭೋಜನವಾಗಬೇಕೆಂದು ಐದನೆಯ ಶತಮಾನದ ಪೋಪ್ ಮಹಾ ಲಿಯೋ ತನ್ನ ಪ್ರವಚನಗಳಲ್ಲಿ ಹೇಳಿದ. 387ರಲ್ಲಿ ಅಂತಿಯೋಕ್ಯದ ಜನ ದಂಗೆಯೆದ್ದು ಚಕ್ರವರ್ತಿಯ ಪ್ರತಿಮೆಗಳನ್ನು ಉರುಳಿಸಿ, ಶಿಕ್ಷೆಯ ಭಯದಲ್ಲಿ ನಡುಗುತ್ತಿದ್ದಾಗ ಜಾನ್ ಕ್ರಿಸೋಸ್ತೋಮ್ ತಪಸ್ಸುಕಾಲದ ಪ್ರವಚನಗಳನ್ನು ಮಾಡಿದ. ಬಾಯಿ ಮಾತ್ರವಲ್ಲ, ಕಣ್ಣು, ಕಿವಿ, ಕೈಕಾಲುಗಳೂ ಉಪವಾಸವಿರಬೇಕು, ಮಾಂಸವನ್ನು ಬಿಟ್ಟು ಚಾಡಿಯಿಂದ ಸೋದರನನ್ನು ಕಚ್ಚಿ ತಿಂದರೆ ಫಲವೇನು ಎಂಬುದು ಆತನ ಪ್ರಶ್ನೆ.

ಇಲ್ಲಿ ಜೈನ ಓದುಗರು ಒಂದು ಭೇದವನ್ನು ಗಮನಿಸಬೇಕು. ಕ್ರೈಸ್ತ ಉಪವಾಸದಲ್ಲಿ ಮಾಂಸವರ್ಜನೆ ಮುಖ್ಯವಾದರೂ ಅದರ ಆಧಾರ ಅಹಿಂಸೆಯಲ್ಲ. ಮಾಂಸಾಹಾರವನ್ನೇ ಪಾಪವೆಂದು ಖಂಡಿಸುವವರನ್ನು ನಾಲ್ಕನೆಯ ಶತಮಾನದ ಗಂಗ್ರಾ ಸಭೆ ಬಹಿಷ್ಕಾರಕ್ಕೆ ಅರ್ಹರೆಂದು ಸಾರಿತು. ಭಾನುವಾರ ಉಪವಾಸವಿರುವವರಿಗೂ ಅದೇ ಶಿಕ್ಷೆ ವಿಧಿಸಿತು. ಸೃಷ್ಟಿಯೆಲ್ಲ ಒಳ್ಳೆಯದು, ಒಳ್ಳೆಯದನ್ನೇ ಕೆಲವು ಕಾಲ ಬಿಡುವುದು ಸಂಯಮ ಎಂಬುದು ಅಲ್ಲಿನ ನಿಲುವು. ನಮ್ಮ ಬಾಹ್ಯತಪಸ್ಸುಗಳಲ್ಲಿ ಹೇಳಿರುವ ಅವಮೌದರ್ಯ, ರಸಪರಿತ್ಯಾಗಗಳಿಗೆ ಹೊರನೋಟಕ್ಕೆ ಇದು ಹತ್ತಿರ. ಆದರೆ ಕರ್ಮನಿರ್ಜರೆಯ ಕಲ್ಪನೆ ಇಲ್ಲಿಲ್ಲ. ಸಲ್ಲೇಖನಕ್ಕೆ ಸಮಾನವಾದ ವ್ರತವೂ ಇಲ್ಲ. ಎರಡೂ ಪರಂಪರೆಗಳನ್ನು ಗೌರವಿಸುವವರು ಈ ಭೇದಗಳನ್ನು ಅಳಿಸದೆ ಉಳಿಸಿಕೊಳ್ಳಬೇಕು.

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಉಪವಾಸದ ಕಟ್ಟಳೆಗಳನ್ನು ಶಾಸ್ತ್ರೀಯವಾಗಿ ಚರ್ಚಿಸುತ್ತ, ಮನೆಮನೆ ತಿರುಗಿ ಬೇಡಿ ಒಂದು ಹೊತ್ತಿಗೂ ಸಾಲುವಷ್ಟನ್ನು ಒಟ್ಟಿಗೆ ಪಡೆಯಲಾಗದ ಬಡವನಿಗೆ ಉಪವಾಸದ ವಿಧಿ ಅನ್ವಯಿಸದೆಂದ. ಇದು ಬಹಳ ತೂಕದ ಮಾತು. ಅನ್ನವಿದ್ದೂ ಬಿಡುವವನದು ಉಪವಾಸ. ಅನ್ನವೇ ಇಲ್ಲದವನದು ಹಸಿವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಬೆಣ್ಣೆಯ ಗೋಪುರ

ಕಟ್ಟಳೆ ಬಿಗಿಯಾದಂತೆ ಅದರ ಸುತ್ತ ವಿನಾಯಿತಿಗಳೂ ಬೆಳೆದವು. ಮಧ್ಯಯುಗದ ಪಶ್ಚಿಮ ಯೂರೋಪಿನಲ್ಲಿ ತಪಸ್ಸುಕಾಲದಲ್ಲಿ ಮಾಂಸ, ಮೊಟ್ಟೆಗಳ ಜತೆಗೆ ಹಾಲು, ಬೆಣ್ಣೆಗಳೂ ನಿಷಿದ್ಧವಾಗಿದ್ದವು. ಆಲಿವ್ ಎಣ್ಣೆ ಧಾರಾಳವಾಗಿ ಸಿಗುವ ದಕ್ಷಿಣಕ್ಕೆ ಇದು ಕಷ್ಟವಾಗಲಿಲ್ಲ. ಬೆಣ್ಣೆಯನ್ನೇ ನಂಬಿದ್ದ ಉತ್ತರಕ್ಕೆ ಬಲು ಕಷ್ಟವಾಯಿತು. ಹಣ ತೆತ್ತವರಿಗೆ ಬೆಣ್ಣೆ ತಿನ್ನುವ ಅನುಮತಿಪತ್ರಗಳು ದೊರೆಯತೊಡಗಿದವು. ಫ್ರಾನ್ಸಿನ ರೂಆನ್ ಪ್ರಧಾನಾಲಯದ ಒಂದು ಗೋಪುರಕ್ಕೆ ಇಂದಿಗೂ ‘ಬೆಣ್ಣೆಯ ಗೋಪುರ’ ಎಂದೇ ಹೆಸರು. ಹದಿನೈದನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಅದರ ನಿರ್ಮಾಣಕ್ಕೆ ಇಂಥ ಹಣ ಒದಗಿತೆಂಬುದು ಆ ಹೆಸರಿನ ಹಿನ್ನೆಲೆ. ರೋಮಿನಲ್ಲಿ ಉಪವಾಸವನ್ನು ಗೇಲಿ ಮಾಡುತ್ತ ನಮಗೆ ಬೆಣ್ಣೆ ತಿನ್ನುವ ಹಕ್ಕನ್ನು ಮಾರುತ್ತಾರೆ ಎಂದು 1520ರಲ್ಲಿ ಲೂಥರ್ ಸಿಡುಕಿದ್ದು ಇದನ್ನು ಕುರಿತೇ. ಹರ್ಮಾಸನ ಲೆಕ್ಕದಲ್ಲಿ ಉಣ್ಣದಿರುವವನು ಬಡವನಿಗೆ ಹಣ ಕೊಡುತ್ತಿದ್ದ. ಇಲ್ಲಿ ಉಣ್ಣುವವನು ಗೋಪುರಕ್ಕೆ ಹಣ ಕೊಟ್ಟ. ಲೆಕ್ಕ ತಲೆಕೆಳಗಾಗಿತ್ತು.

ಇದೇ ಯುಗದಲ್ಲಿ ಇನ್ನೊಂದು ತುದಿಯೂ ಇತ್ತು. ಸಿಯೆನಾದ ಸಂತ ಕ್ಯಾಥರೀನ್ ರೋಗಿಗಳ, ಬಡವರ ಸೇವೆಯಲ್ಲಿ ನಿರತಳಾಗಿದ್ದವಳು; ಆದರೆ ಊಟವನ್ನು ಬಹುತೇಕ ತೊರೆದು 1380ರಲ್ಲಿ, 33ರ ವಯಸ್ಸಿನಲ್ಲಿ ತೀರಿಕೊಂಡಳು. ಉಣ್ಣುವಂತೆ ಹಿರಿಯರು ಹೇಳಿದರೂ ಅವಳ ದೇಹ ಅನ್ನವನ್ನು ಒಪ್ಪಲಿಲ್ಲ. ಮಧ್ಯಯುಗದ ಸ್ತ್ರೀಸಂತರ ಉಪವಾಸಗಳನ್ನು ಅಧ್ಯಯನ ಮಾಡಿದ ಚರಿತ್ರಕಾರ್ತಿ ಕ್ಯಾರೊಲಿನ್ ವಾಕರ್ ಬೈನಮ್, ಅಡುಗೆ ಮತ್ತು ಊಟ ಬಡಿಸುವಿಕೆಗಳೇ ಹೆಣ್ಣಿನ ಹಿಡಿತದಲ್ಲಿದ್ದ ಸಮಾಜದಲ್ಲಿ ಅನ್ನವನ್ನು ತೊರೆಯುವುದೂ ಹಂಚುವುದೂ ಅವಳ ಧಾರ್ಮಿಕ ಭಾಷೆಯಾಯಿತೆಂದು 1987ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಆ ಭಕ್ತಿಯನ್ನು ಅರಿಯಬೇಕು. ಆ ಅತಿರೇಕವನ್ನು ಆದರ್ಶವಾಗಿಸಬಾರದು. ಕ್ಯಾಸಿಯನ್ ಹೇಳಿದ ವಿವೇಕದ ಅಗತ್ಯ ಇಲ್ಲಿ ಮತ್ತೆ ನೆನಪಾಗುತ್ತದೆ.

ಜ್ಯೂರಿಕ್‌ನ ತಟ್ಟೆ, ಇಂಗ್ಲೆಂಡಿನ ಮೀನು

1522ರ ಮಾರ್ಚ್ 9, ತಪಸ್ಸುಕಾಲದ ಮೊದಲ ಭಾನುವಾರ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಮುದ್ರಕ ಕ್ರಿಸ್ಟೋಫ್ ಫ್ರೋಶಾವರನ ಮನೆಯಲ್ಲಿ ಕೆಲವರು ಸೇರಿ ಮಾಂಸದ ಸಾಸೇಜುಗಳನ್ನು ತುಂಡರಿಸಿ ಹಂಚಿಕೊಂಡು ತಿಂದರು. ಧರ್ಮಬೋಧಕ ಉಲ್ರಿಚ್ ಜ್ವಿಂಗ್ಲಿ ಅಲ್ಲಿದ್ದರೂ ತಾನು ತಿನ್ನಲಿಲ್ಲ. ನಗರಸಭೆಯ ವಿಚಾರಣೆಯಲ್ಲಿ ಫ್ರೋಶಾವರ್ ಕೊಟ್ಟ ಕಾರಣ ಸರಳವಾಗಿತ್ತು: ಫ್ರಾಂಕ್‌ಫರ್ಟ್ ಜಾತ್ರೆಗೆ ಪುಸ್ತಕ ಮುಗಿಸಲು ಹಗಲಿರುಳು ದುಡಿಯುತ್ತಿದ್ದೇವೆ, ಬರಿಯ ಗಂಜಿಯಿಂದ ಆಳುಗಳಿಗೆ ಸಾಲದು, ಯಾವಾಗಲೂ ಮೀನು ಕೊಳ್ಳಲು ಆಗದು. ಮಾರ್ಚ್ 23ರಂದು ಜ್ವಿಂಗ್ಲಿ ಆಹಾರದ ಆಯ್ಕೆ ಮತ್ತು ಸ್ವಾತಂತ್ರ್ಯವನ್ನು ಕುರಿತು ಪ್ರವಚನ ಮಾಡಿದ. ಏಪ್ರಿಲಿನಲ್ಲಿ ಅದು ಅಚ್ಚಾಯಿತು. ಉಪವಾಸವಿರಲು ಮನಸ್ಸುಳ್ಳವರು ಇರಲಿ, ಆದರೆ ಕ್ರಿಸ್ತನು ವಿಧಿಸದ ಕಟ್ಟಳೆಯನ್ನು ಯಾರ ಮೇಲೂ ಹೇರಬಾರದು ಎಂಬುದು ಅದರ ತಿರುಳು. ಸ್ವಿಸ್ ಸುಧಾರಣೆ ಆರಂಭವಾದದ್ದು ಹೀಗೆ ಒಂದು ತಟ್ಟೆಯಿಂದ.

ಸುಧಾರಕರು ಉಪವಾಸವನ್ನು ತಿರಸ್ಕರಿಸಿದರೆಂಬ ಸಾಮಾನ್ಯ ಭಾವನೆ ಸರಿಯಲ್ಲ. ಅವರು ತಿರಸ್ಕರಿಸಿದ್ದು ಕಡ್ಡಾಯವನ್ನು. ಉಪವಾಸಕ್ಕೆ ಮೂರು ಉದ್ದೇಶಗಳಿವೆಯೆಂದು ಕಾಲ್ವಿನ್ ಹೇಳುತ್ತಾನೆ: ದೇಹವನ್ನು ಹತೋಟಿಯಲ್ಲಿಡುವುದು, ಪ್ರಾರ್ಥನೆಗೆ ಸಿದ್ಧವಾಗುವುದು, ದೇವರ ಮುಂದೆ ದೈನ್ಯವನ್ನು ತೋರುವುದು. ಆದರೆ ಈ ಪಟ್ಟಿಯಲ್ಲಿ ದಾನಕ್ಕೆ ಸ್ಥಾನವಿಲ್ಲ. ಪ್ರಾಟೆಸ್ಟೆಂಟ್ ದೇಶಗಳಲ್ಲಿ ಯುದ್ಧ, ಬರ, ಪಿಡುಗುಗಳ ಕಾಲದಲ್ಲಿ ಘೋಷಿಸುತ್ತಿದ್ದ ಸಾರ್ವಜನಿಕ ‘ಉಪವಾಸ ಮತ್ತು ಪ್ರಾರ್ಥನೆಯ ದಿನ’ಗಳು ಈ ಜೋಡಿಯನ್ನು ಇನ್ನಷ್ಟು ಗಟ್ಟಿಗೊಳಿಸಿದವು. ಅಮೆರಿಕದ ಅಂತರ್ಯುದ್ಧದ ನಡುವೆ 1863ರ ಏಪ್ರಿಲ್ 30ರಂದು ಅಂಥ ದಿನವನ್ನು ಆಚರಿಸಬೇಕೆಂದು ಅಧ್ಯಕ್ಷ ಲಿಂಕನ್ ಕರೆಕೊಟ್ಟಿದ್ದ. ಪ್ರಾಟೆಸ್ಟೆಂಟ್ ಮಿಷನರಿಗಳ ಮೂಲಕ ಈ ಜೋಡಿಪದ ನಮ್ಮ ಭಾಷೆಗಳಲ್ಲಿಯೂ ಬೇರೂರಿರಬೇಕೆಂದು ಊಹಿಸಬಹುದು. ಹದಿನೆಂಟನೆಯ ಶತಮಾನದ ಜಾನ್ ವೆಸ್ಲಿ ಮಾತ್ರ ತನ್ನ ಅನುಯಾಯಿಗಳಿಗೆ ಬುಧವಾರ, ಶುಕ್ರವಾರಗಳ ಉಪವಾಸವನ್ನು ಮತ್ತೆ ಕಲಿಸಿ, ಉಪವಾಸದ ಜತೆಗೆ ದಾನಕಾರ್ಯವನ್ನು ಸೇರಿಸಲು ಮರೆಯಬಾರದೆಂದು ಎಚ್ಚರಿಸಿದ.

ಧರ್ಮದ ಅರ್ಥವೆಲ್ಲ ಸೋರಿಹೋದ ಮೇಲೂ ವಿಧಿ ಉಳಿಯಬಲ್ಲದು ಎಂಬುದಕ್ಕೆ ಇಂಗ್ಲೆಂಡ್ ನಿದರ್ಶನ. ರಾಣಿ ಎಲಿಜಬೆತಳ ಮಂತ್ರಿ ವಿಲಿಯಂ ಸೆಸಿಲನ ಪ್ರಯತ್ನದಿಂದ 1563ರಲ್ಲಿ ಬಂದ ಕಾಯಿದೆ ಬುಧವಾರವನ್ನೂ ಮಾಂಸವಿಲ್ಲದ ದಿನವನ್ನಾಗಿ ಮಾಡಿತು. ಮೀನುಗಾರಿಕೆಯನ್ನೂ ನೌಕಾಬಲವನ್ನೂ ಬೆಳೆಸುವುದು ಅದರ ಉದ್ದೇಶ. ಈ ವರ್ಜನೆ ಆತ್ಮದ ಉದ್ಧಾರಕ್ಕೆ ಅಗತ್ಯವೆಂದು ಸಾರುವವರಿಗೆ ಸುಳ್ಳುಸುದ್ದಿ ಹಬ್ಬಿಸುವವರ ಶಿಕ್ಷೆಯೇ ಸಲ್ಲುತ್ತದೆಂದು ಅದೇ ಕಾಯಿದೆ ಹೇಳಿತ್ತು. ಜನ ಅದನ್ನು ‘ಸೆಸಿಲನ ಉಪವಾಸ’ ಎಂದು ಕರೆದರು.

ಶ್ರೀರಂಗಪಟ್ಟಣದ ಸಂನ್ಯಾಸಿಗಳು

ಯೂರೋಪಿನಲ್ಲಿ ಈ ವಾಗ್ವಾದಗಳು ನಡೆದ ಕೆಲವೇ ದಶಕಗಳ ಅನಂತರ ದಕ್ಷಿಣ ಭಾರತದಲ್ಲಿ ಕ್ರೈಸ್ತ ತಪಸ್ಸು ಬೇರೊಂದು ರೂಪವನ್ನು ತಾಳಿತು. 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ರಾಬರ್ಟೊ ದೆ ನೊಬಿಲಿ ಮಾಂಸ, ಮದ್ಯಗಳನ್ನು ತೊರೆದು, ಕಾವಿಯುಟ್ಟು, ದಿನಕ್ಕೊಮ್ಮೆ ಅನ್ನ ಮತ್ತು ತರಕಾರಿಗಳ ಊಟ ಮಾಡುತ್ತ ಸಂನ್ಯಾಸಿಯಂತೆ ಬಾಳಿದ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯ ಮಿಷನ್ನನ್ನು ಸ್ಥಾಪಿಸಿದ ಲಿಯೊನಾರ್ಡೊ ಚಿನ್ನಮಿ ಇದೇ ಮಾರ್ಗವನ್ನು ಅನುಸರಿಸಿದ. ಮತ್ತಾಯನ ಸುವಾರ್ತೆ ಉಪವಾಸವನ್ನು ಮರೆಮಾಡಲು ಹೇಳಿತ್ತು. ಆದರೆ ಆಹಾರಸಂಯಮವಿಲ್ಲದವನನ್ನು ಗುರುವೆಂದು ಒಪ್ಪದ ನೆಲದಲ್ಲಿ ಅದು ಎದ್ದು ಕಾಣುವುದೇ ಅಗತ್ಯವಾಯಿತು. ಇದು ತೋರಿಕೆಯೋ, ನೆಲದ ನಡವಳಿಕೆಗೆ ಸಂದ ಗೌರವವೋ ಎಂಬ ವಿವಾದ ರೋಮಿನವರೆಗೂ ಹೋಯಿತು. ಒಂದು ಮಾತಂತೂ ನಿಜ: ಯಾವ ಸಮಾಜದಲ್ಲಿ ಉಪವಾಸಕ್ಕೆ ಮನ್ನಣೆ ಇದೆಯೋ ಆ ಸಮಾಜದಲ್ಲೇ ಅದನ್ನು ಗುಟ್ಟಾಗಿಡುವುದು ಹೆಚ್ಚು ಕಷ್ಟ.

ಲೆಕ್ಕ ಮರಳಿದ ಬಗೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹರ್ಮಾಸನ ಲೆಕ್ಕ ಅನಿರೀಕ್ಷಿತವಾಗಿ ಮರಳಿ ಬಂದಿತು. ಯುದ್ಧಾನಂತರದ ಸಮೃದ್ಧಿಯನ್ನು ಕಂಡ ಜರ್ಮನಿಯಲ್ಲಿ 1958ರಲ್ಲಿ ಕಾರ್ಡಿನಲ್ ಫ್ರಿಂಗ್ಸರ ಪ್ರೇರಣೆಯಿಂದ ‘ಮಿಸೆರಿಯೋರ್’ ಸಂಸ್ಥೆ ಹುಟ್ಟಿತು. ತಪಸ್ಸುಕಾಲದಲ್ಲಿ ಬಿಟ್ಟ ಊಟದ ಹಣ ಜಗತ್ತಿನ ಹಸಿದವರಿಗೆ ಸಲ್ಲಬೇಕೆಂಬುದು ಅದರ ಸಂಕಲ್ಪ. 1960ರಲ್ಲಿ ಇಂಗ್ಲೆಂಡಿನ ಕಥೋಲಿಕ ಮಹಿಳೆಯರು ‘ಕುಟುಂಬ ಉಪವಾಸ ದಿನ’ವನ್ನು ಆರಂಭಿಸಿದರು, ಮನೆಮಂದಿಯೆಲ್ಲ ಸರಳವಾಗಿ ಉಂಡು ಉಳಿದ ಹಣವನ್ನು ಕೊಡುವ ಈ ಯತ್ನ ಮುಂದೆ ‘ಕಾಫೋಡ್’ ಎಂಬ ಪರಿಹಾರಸಂಸ್ಥೆಗೆ ನಾಂದಿಯಾಯಿತು.

1966ರಲ್ಲಿ ಪೋಪ್ ಆರನೆಯ ಪೌಲ್ ಹೊರಡಿಸಿದ ಶಾಸನ ಕಥೋಲಿಕರ ಉಪವಾಸದ ಕಟ್ಟಳೆಗಳನ್ನು ಬಹಳಷ್ಟು ಸಡಿಲಿಸಿತು. ಕಡ್ಡಾಯ ಉಪವಾಸ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಸೀಮಿತವಾಯಿತು. ನಿಯಮ ಸಡಿಲವಾದುದನ್ನು ಹಲವರು ಶೈಥಿಲ್ಯವೆಂದು ಭಾವಿಸಿದರು. ಆದರೆ ಆ ಶಾಸನ ಪ್ರಾರ್ಥನೆ, ಉಪವಾಸ, ದಾನಗಳೆಂಬ ತ್ರಯವನ್ನು ಒಟ್ಟಾಗಿ ಎತ್ತಿಹಿಡಿಯಿತು. ಸಮೃದ್ಧ ದೇಶಗಳವರು ಬಡವರಿಗಾಗಿ ತಮ್ಮ ಭೋಗವನ್ನು ಮೊಟಕುಗೊಳಿಸಬೇಕು. ಬಡದೇಶಗಳವರು ತಮ್ಮ ಕಷ್ಟವನ್ನೇ ಪ್ರಾರ್ಥನೆಯಲ್ಲಿ ಅರ್ಪಿಸಬಹುದು, ಆದರೆ ನ್ಯಾಯಕ್ಕಾಗಿ ದುಡಿಯುವುದನ್ನು ಬಿಡಬಾರದು. ಬೇಡುವವನಿಗೆ ಅಕ್ವಿನಾಸ್ ಕೊಟ್ಟ ವಿನಾಯಿತಿಯೇ ಇಲ್ಲಿ ದೇಶಗಳ ಮಟ್ಟಕ್ಕೆ ವಿಸ್ತರಿಸಿದಂತಿದೆ.

ಈ ದೀರ್ಘ ಚರಿತ್ರೆಯಲ್ಲಿ ಉಪವಾಸ ಕೆಟ್ಟದ್ದು ಅದನ್ನು ಬಿಟ್ಟಾಗ ಮಾತ್ರವಲ್ಲ. ಅದನ್ನು ಒಂಟಿಯಾಗಿ ಹಿಡಿದುಕೊಂಡಾಗಲೂ ಕೆಟ್ಟಿತು. ಪ್ರಾರ್ಥನೆಯಿಂದ ಬೇರ್ಪಟ್ಟಾಗ ಅದು ಸೆಸಿಲನ ಕಾಯಿದೆಯಾಯಿತು, ದಾನದಿಂದ ಬೇರ್ಪಟ್ಟಾಗ ಬೆಣ್ಣೆಯ ಗೋಪುರವಾಯಿತು. ಮೂರೂ ಕೂಡಿದ ಕಡೆ, ಅರಿಸ್ಟೈಡಿಸ್ ಕಂಡ ಹೆಸರಿಲ್ಲದ ಬಡವರ ಮನೆಗಳಲ್ಲಿ, ಅಬ್ಬಾ ಮೋಸೆಯ ಒಲೆಯ ಹೊಗೆಯಲ್ಲಿ, ಅದು ಬೆಳಗಿತು.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಶಾಸನಗಳಲ್ಲಿ ಮತ್ತೆ ಮತ್ತೆ ಕೊಂಡಾಡಿದ ನಾಡು ನಮ್ಮದು. ಆ ನಾಲ್ಕರಲ್ಲಿ ಮೊದಲು ನಿಂತಿರುವುದು ಆಹಾರ. ಯಾವ ಮತದವರ ಉಪವಾಸವಾದರೂ ಅಂದಿನ ಅನ್ನ ಎಲ್ಲಿಗೆ ಹೋಯಿತೆಂದು ಕೇಳುವ ಅಧಿಕಾರ ಹಸಿದವನಿಗಿದೆ. ‘ಉಪವಾಸ’ವೆಂದರೆ ಸಮೀಪದಲ್ಲಿ ನೆಲಸುವುದು ಎಂಬ ಅರ್ಥವನ್ನು ನಮ್ಮ ಭಾಷೆ ಉಳಿಸಿಕೊಂಡಿದೆ. ಯಾರ ಸಮೀಪದಲ್ಲಿ ಎಂಬ ಪ್ರಶ್ನೆಗೆ ಕ್ರೈಸ್ತ ಪರಂಪರೆಯ ಒಳ್ಳೆಯ ಗಳಿಗೆಗಳು ಕೊಟ್ಟ ಉತ್ತರ ಎರಡು ಬಗೆಯದು: ದೇವರ ಸಮೀಪದಲ್ಲಿ, ಮತ್ತು ಅನ್ನವಿಲ್ಲದವನ ಸಮೀಪದಲ್ಲಿ.